ಮಾಸ್‌ಫೆಟ್ ಸುಡುವ ಮುನ್ನ: ಕಂಟ್ರೋಲರ್ ಬೋರ್ಡ್ ಕಲಿಸಿದ ಪಾಠಗಳು

ಎಲೆಕ್ಟ್ರಿಕ್ ಸ್ಕೂಟರಿನ ಮೋಟರ್ ಓಡಿಸುವ ಬೋರ್ಡನ್ನು ತಾವೇ ಕಟ್ಟಬೇಕು ಎಂದು ಬರುವ ಡಿಪ್ಲೊಮಾ, ಎಂಜಿನಿಯರಿಂಗ್ ಹುಡುಗ ಹುಡುಗಿಯರು ಈಗ ಹೆಚ್ಚಾಗಿದ್ದಾರೆ. ಅವರ ಕೈಯಲ್ಲಿ ಸರ್ಕ್ಯೂಟ್ ಇರುತ್ತದೆ, ಬಹುಪಾಲು ಅದು ಸರಿಯಾಗಿಯೇ ಇರುತ್ತದೆ. ಆದರೂ ಬೋರ್ಡ್ ಸುಡುತ್ತದೆ. ಸುಡುವ ಕಾರಣ ಸರ್ಕ್ಯೂಟಿನ ಚಿತ್ರದಲ್ಲಿ ಕಾಣುವುದಿಲ್ಲ. ತಂತಿಯ ಉದ್ದ, ಕೊಂಡು ತಂದ ಬಿಡಿಭಾಗದ ಗುಣ, ಮೊದಲ ಸಲ ಕರೆಂಟ್ ಕೊಟ್ಟ ರೀತಿ, ಇಂಥ ಕಡೆ ಅದು ಅಡಗಿರುತ್ತದೆ.

ನಾನು ಕಟ್ಟುವುದು, ರಿಪೇರಿ ಮಾಡುವುದು ಹೆಚ್ಚಾಗಿ 48 ವೋಲ್ಟಿನ ಬಿಎಲ್‌ಡಿಸಿ ಹಬ್ ಮೋಟರಿನ ಕಂಟ್ರೋಲರ್. ಚಕ್ರದ ಒಳಗೇ ಮೋಟರ್, ಅದರಿಂದ ಹೊರಬರುವ ಮೂರು ದಪ್ಪ ಫೇಸ್ ವೈರ್, ಐದು ಸಣ್ಣ ಹಾಲ್ ಸೆನ್ಸರ್ ವೈರ್. ಬೋರ್ಡಿನಲ್ಲಿ ಆರು ಅಥವಾ ಹನ್ನೆರಡು ಮಾಸ್‌ಫೆಟ್. ಇಷ್ಟೇ ಸಾಮಾನು. ಈ ಬೋರ್ಡ್ ಹೇಗೆ ಓಡುತ್ತದೆ ಎಂದು ಯೋಚಿಸುವ ಮೊದಲು ಹೇಗೆ ಕೆಡುತ್ತದೆ ಎಂದು ಯೋಚಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಕೆಳಗಿನ ಪಾಠಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

1. ಪ್ಯಾಕಿನ ಮೇಲೆ ಬರೆದ ವೋಲ್ಟೇಜನ್ನು ನಂಬಿ ಸಾಮಾನು ಕೊಳ್ಳಬೇಡಿ.

48 ವೋಲ್ಟ್ ಎಂದು ಬರೆದಿರುವ 13 ಸೆಲ್ಲಿನ ಲಿಥಿಯಂ ಅಯಾನ್ ಪ್ಯಾಕ್ ಪೂರ್ತಿ ಚಾರ್ಜ್ ಆದಾಗ 54.6 ವೋಲ್ಟ್ ಇರುತ್ತದೆ. 16 ಸೆಲ್ಲಿನ ಎಲ್‌ಎಫ್‌ಪಿ ಪ್ಯಾಕ್ 58.4 ವೋಲ್ಟಿಗೆ ಏರುತ್ತದೆ. 63 ವೋಲ್ಟಿನ ಕೆಪಾಸಿಟರ್ ಸಾಕು ಎಂದುಕೊಂಡವರಿಗೆ ಅಲ್ಲಿಗೆ ಉಳಿಯುವ ಅಂತರ ಐದು ವೋಲ್ಟೂ ಇಲ್ಲ. 100 ವೋಲ್ಟಿನ ಕೆಪಾಸಿಟರ್, 100 ವೋಲ್ಟಿನ ಮಾಸ್‌ಫೆಟ್ ಹಾಕಿ. ಬೋರ್ಡಿಗೆ ಬೇಕಾದ 12 ವೋಲ್ಟ್ ಇಳಿಸಿಕೊಳ್ಳುವ ಭಾಗದಲ್ಲೂ ಇದೇ ಎಚ್ಚರ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಲ್‌ಎಂ2596 ಬಕ್ ಮಾಡ್ಯೂಲ್ ತಡೆಯುವುದು 40 ವೋಲ್ಟ್ ಮಾತ್ರ.

2. ತಂತಿಯ ಉದ್ದವೂ ಒಂದು ಬಿಡಿಭಾಗ.

ಓಡುವ ನೀರಿನ ನಲ್ಲಿಯನ್ನು ಥಟ್ಟನೆ ಮುಚ್ಚಿದರೆ ಪೈಪು ಧಡ್ ಎನ್ನುತ್ತದಲ್ಲ, ಮಾಸ್‌ಫೆಟ್ ಕರೆಂಟನ್ನು ಕಡಿದಾಗ ತಂತಿಯಲ್ಲಿ ಆಗುವುದೂ ಅದೇ. ಒಂದು ಸೆಂಟಿಮೀಟರ್ ತಂತಿಗೆ ಸುಮಾರು 10 ನ್ಯಾನೊಹೆನ್ರಿ ಇಂಡಕ್ಟನ್ಸ್ ಇರುತ್ತದೆ ಎಂದು ಲೆಕ್ಕ ಹಿಡಿಯಿರಿ. 100 ಆಂಪಿಯರ್ ಹರಿಯುತ್ತಿದ್ದು, ಮಾಸ್‌ಫೆಟ್ ಅದನ್ನು 100 ನ್ಯಾನೊಸೆಕೆಂಡಿನಲ್ಲಿ ನಿಲ್ಲಿಸಿದರೆ ಪ್ರತಿ ಸೆಂಟಿಮೀಟರಿಗೆ 10 ವೋಲ್ಟ್ ಏಳುತ್ತದೆ. ಕೆಪಾಸಿಟರ್ ಐದು ಸೆಂಟಿಮೀಟರ್ ದೂರದಲ್ಲಿದ್ದರೆ 50 ವೋಲ್ಟ್. ಪ್ಯಾಕಿನ 58ಕ್ಕೆ ಅದನ್ನು ಸೇರಿಸಿ: 100 ವೋಲ್ಟಿನ ಮಾಸ್‌ಫೆಟ್ಟಿನ ಮಿತಿ ದಾಟಿಹೋಯಿತು. ಮಲ್ಟಿಮೀಟರಿನಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಮೀಟರ್ ತನ್ನ ಪಾಡಿಗೆ 58 ತೋರಿಸುತ್ತಿರುತ್ತದೆ, ಮಾಸ್‌ಫೆಟ್ ಸತ್ತಿರುತ್ತದೆ.

ಹಾಗಾಗಿ ಬ್ಯಾಟರಿಯಿಂದ ಬರುವ ವೈರ್ ಎಷ್ಟು ಉದ್ದವಿದೆ ಎನ್ನುವುದಕ್ಕಿಂತ, ಕೆಪಾಸಿಟರಿನ ಪ್ಲಸ್ಸಿನಿಂದ ಮೇಲಿನ ಮಾಸ್‌ಫೆಟ್, ಕೆಳಗಿನ ಮಾಸ್‌ಫೆಟ್ ದಾಟಿ ಮತ್ತೆ ಕೆಪಾಸಿಟರಿನ ಮೈನಸ್ಸಿಗೆ ಬರುವ ಸುತ್ತು ಎಷ್ಟು ಚಿಕ್ಕದು ಎನ್ನುವುದು ಮುಖ್ಯ. ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಜೊತೆಗೆ ಪ್ರತಿ ಫೇಸಿನ ಜೋಡಿಯ ಕಾಲಿನ ಬುಡದಲ್ಲೇ ಒಂದು ಮೈಕ್ರೊಫ್ಯಾರಡ್‌ನ ಫಿಲ್ಮ್ ಅಥವಾ ಸೆರಾಮಿಕ್ ಕೆಪಾಸಿಟರ್ ಹಾಕಿ. ಪ್ಲಸ್ ಮತ್ತು ಮೈನಸ್ ತಾಮ್ರದ ಪಟ್ಟಿಗಳು ಒಂದರ ಮೇಲೊಂದು ಬರುವ ಹಾಗೆ ಜೋಡಿಸಿ.

ಪಿಸಿಬಿಯ ತಾಮ್ರದ ದಪ್ಪವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಾಮಾನ್ಯ ಪಿಸಿಬಿಯಲ್ಲಿ ಅದು 35 ಮೈಕ್ರಾನ್. ಹತ್ತು ಮಿಲಿಮೀಟರ್ ಅಗಲದ ಟ್ರ್ಯಾಕ್ ನೋಡಲು ಭರ್ಜರಿಯಾಗಿದ್ದರೂ ಅದರ ಅಡ್ಡಕೊಯ್ತ 0.35 ಚದರ ಮಿಲಿಮೀಟರ್ ಮಾತ್ರ. ಮನೆಯ ಲೈಟಿಗೆ ಎಳೆಯುವ 1 ಚದರ ಮಿಲಿಮೀಟರ್ ವೈರಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ದೊಡ್ಡ ಕರೆಂಟ್ ಹರಿಯುವ ಕಡೆಯೆಲ್ಲ ಟ್ರ್ಯಾಕಿನ ಮೇಲೆ ಬರಿ ತಾಮ್ರದ ತಂತಿ ಮಲಗಿಸಿ ಬೆಸುಗೆ ಹಾಕಿ. ಸೋಲ್ಡರನ್ನು ಮಾತ್ರ ಗುಡ್ಡೆ ಹಾಕಿದರೆ ಸಾಲದು. ತಾಮ್ರದಷ್ಟು ಚೆನ್ನಾಗಿ ಸೋಲ್ಡರ್ ಕರೆಂಟ್ ಒಯ್ಯುವುದಿಲ್ಲ.

3. ಬ್ಯಾಟರಿಯ ಆಂಪಿಯರ್ ಬೇರೆ, ಮೋಟರಿನ ಆಂಪಿಯರ್ ಬೇರೆ.

ಕಲಿಯುವವರು ಅತಿ ಹೆಚ್ಚು ಎಡವುವುದು ಇಲ್ಲಿ ಎಂದು ನನಗೆ ಅನಿಸುತ್ತದೆ. ಮೇಲ್ಸೇತುವೆಯ ಏರಿನ ನಡುವೆ ಸ್ಕೂಟರ್ ನಿಂತಿದೆ, ಇಬ್ಬರು ಕುಳಿತಿದ್ದಾರೆ, ಸವಾರ ಎಕ್ಸಿಲೇಟರ್ ತಿರುಗಿಸುತ್ತಾನೆ. ಬ್ಯಾಟರಿ ವೈರಿನಲ್ಲಿ ಕ್ಲ್ಯಾಂಪ್ ಮೀಟರ್ 20 ಆಂಪಿಯರ್ ತೋರಿಸುತ್ತದೆ. ಆ ಹೊತ್ತಿಗೆ ಪಿಡಬ್ಲ್ಯುಎಂ ಡ್ಯೂಟಿ ಶೇಕಡ 20 ಇದ್ದರೆ ಫೇಸ್ ವೈರಿನಲ್ಲಿ ಹರಿಯುತ್ತಿರುವುದು ಹೆಚ್ಚುಕಡಿಮೆ 100 ಆಂಪಿಯರ್. ಮಾಸ್‌ಫೆಟ್ಟೂ ಮೋಟರಿನ ಸುರುಳಿಯೂ ಸೇರಿ ವೋಲ್ಟೇಜ್ ಇಳಿಸಿ ಕರೆಂಟ್ ಏರಿಸುತ್ತವೆ, ಬಕ್ ಕನ್ವರ್ಟರ್ ಮಾಡುವ ಕೆಲಸವೂ ಅದೇ.

ಶಾಖದ ಲೆಕ್ಕ ಫೇಸ್ ಕರೆಂಟಿನದು. 4 ಮಿಲಿಓಮ್‌ನ ಮಾಸ್‌ಫೆಟ್ಟಿನಲ್ಲಿ 100 ಆಂಪಿಯರ್ ಹರಿದರೆ 40 ವ್ಯಾಟ್. ಚಕ್ರ ತಿರುಗುತ್ತಿದ್ದರೆ ಆ ಭಾರ ಮೂರೂ ಫೇಸಿಗೆ ಸರದಿಯಲ್ಲಿ ಹಂಚಿಹೋಗುತ್ತದೆ. ಚಕ್ರ ನಿಂತಿದ್ದರೆ ಒಂದೇ ಕೆಳಗಿನ ಮಾಸ್‌ಫೆಟ್ ಸತತವಾಗಿ ಆ 40 ವ್ಯಾಟ್ ಹೊರಬೇಕು. ಜೋರಾಗಿ ಓಡಿದ ಗಾಡಿಗಿಂತ ಏರಿನಲ್ಲಿ ಹೊರಡಲಾರದೆ ತಿಣುಕಿದ ಗಾಡಿಯ ಕಂಟ್ರೋಲರ್ ಬೇಗ ಸುಡುವುದು ಇದರಿಂದ. ಎರಡು ಮಾಸ್‌ಫೆಟ್ಟನ್ನು ಜೋಡಿಯಾಗಿ ಹಾಕಿದರೆ ತಲಾ 50 ಆಂಪಿಯರ್, ತಲಾ 10 ವ್ಯಾಟ್. ಒಟ್ಟು ಶಾಖ ಅರ್ಧವಾಗುತ್ತದೆ.

ಅಗ್ಗದ ಕಂಟ್ರೋಲರುಗಳಲ್ಲಿ ಕರೆಂಟ್ ಅಳೆಯಲು ಬ್ಯಾಟರಿಯ ಮೈನಸ್ ದಾರಿಯಲ್ಲಿ ಒಂದು ದಪ್ಪ ತಂತಿಯ ಶಂಟ್ ಮಾತ್ರ ಇರುತ್ತದೆ. ಅದಕ್ಕೆ ಕಾಣುವುದು ಆ 20 ಆಂಪಿಯರ್, ಸುಳಿಯುತ್ತಿರುವ 100 ಕಾಣುವುದಿಲ್ಲ. ಆ ಶಂಟಿನ ಮೇಲೆ ಸೋಲ್ಡರ್ ಸುರಿದು 'ಪಿಕಪ್' ಹೆಚ್ಚಿಸುವ ರೂಢಿ ಗ್ಯಾರೇಜುಗಳಲ್ಲಿದೆ. ಶಂಟಿನ ರೆಸಿಸ್ಟೆನ್ಸ್ ಕಡಿಮೆಯಾಗಿ ಬೋರ್ಡಿಗೆ ಸುಳ್ಳು ಲೆಕ್ಕ ಹೋಗುತ್ತದೆ, ಅದು ಮಿತಿ ಮೀರಿ ಕರೆಂಟ್ ಬಿಡುತ್ತದೆ. ದಯವಿಟ್ಟು ಮಾಡಬೇಡಿ. ಸ್ವಂತ ಬೋರ್ಡಿನಲ್ಲಿ ಎಸಿಎಸ್758ರಂಥ ಹಾಲ್ ಕರೆಂಟ್ ಸೆನ್ಸರನ್ನು ಕನಿಷ್ಠ ಎರಡು ಫೇಸಿಗೆ ಹಾಕಿ. ಮೂರನೆಯದು ಲೆಕ್ಕದಿಂದ ಸಿಗುತ್ತದೆ.

4. ಕೊಂಡ ಮಾಸ್‌ಫೆಟ್ಟನ್ನು ಬೋರ್ಡಿಗೆ ಹಾಕುವ ಮೊದಲು ಅಳೆಯಿರಿ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗದ ಬಿಡಿಭಾಗ ಕಡಿಮೆ, ಮಾಲಿನ ಬಗ್ಗೆ ನಿಜ ಹೇಳುವ ಅಂಗಡಿಯವರೂ ಅಲ್ಲಿದ್ದಾರೆ. ಆದರೆ ಹೆಸರಾದ ಮಾಸ್‌ಫೆಟ್‌ಗಳ ಮೇಲ್ಮೈ ಕೆರೆದು ಹೊಸ ನಂಬರ್ ಒತ್ತಿದ ಮಾಲು ಜಗತ್ತಿನ ಎಲ್ಲ ಮಾರುಕಟ್ಟೆಯಲ್ಲೂ ಓಡಾಡುತ್ತಿದೆ. ಐಆರ್‌ಎಫ್‌ಬಿ4110 ಈ ಕೆಲಸದಲ್ಲಿ ಬಹಳ ಬಳಕೆಯದು: 100 ವೋಲ್ಟ್, ಗೇಟಿಗೆ 10 ವೋಲ್ಟ್ ಕೊಟ್ಟಾಗ ಹೆಚ್ಚೆಂದರೆ 4.5 ಮಿಲಿಓಮ್. ಪರೀಕ್ಷೆ ಸುಲಭ. ಗೇಟಿಗೆ 12 ವೋಲ್ಟ್ ಕೊಟ್ಟು, ಡ್ರೇನಿನಿಂದ ಸೋರ್ಸಿಗೆ 10 ಆಂಪಿಯರ್ ಹರಿಸಿ, ಮೀಟರಿನ ಮೊನೆಯನ್ನು ಕಾಲಿನ ಬುಡಕ್ಕೇ ಒತ್ತಿ ವೋಲ್ಟೇಜ್ ನೋಡಿ. 45 ಮಿಲಿವೋಲ್ಟಿನ ಒಳಗಿರಬೇಕು. 80, 100 ತೋರಿಸಿದರೆ ಒಳಗಿರುವುದು ಬೇರೆ ಮಾಲು, ಅಂಗಡಿಗೆ ವಾಪಸ್ ಕೊಡಿ.

5. ಗೇಟಿಗೆ ಸಲ್ಲಬೇಕಾದದ್ದು ಸಲ್ಲಲಿ.

ಮೈಕ್ರೊಕಂಟ್ರೋಲರಿನ 3.3 ವೋಲ್ಟಿನಿಂದ ಇಂಥ ಮಾಸ್‌ಫೆಟ್ ಪೂರ್ತಿ ತೆರೆಯುವುದಿಲ್ಲ. ಅರೆತೆರೆದ ಮಾಸ್‌ಫೆಟ್ ಹೀಟರ್ ಆಗುತ್ತದೆ. ಮಧ್ಯೆ ಐಆರ್2110ರಂಥ ಗೇಟ್ ಡ್ರೈವರ್ ಬೇಕು. ಹೊರಡುವ ಕ್ಷಣದಲ್ಲಿ 12 ವೋಲ್ಟಿನ ಸಪ್ಲೈ ಕುಸಿಯುತ್ತದೆಯೇ ಎಂದು ಸ್ಕೋಪಿನಲ್ಲಿ ನೋಡಿ, 10ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ.

ಮೇಲಿನ ಮಾಸ್‌ಫೆಟ್ ಮುಚ್ಚಿ ಕೆಳಗಿನದು ತೆರೆಯುವ ನಡುವೆ ಎರಡೂ ಮುಚ್ಚಿರುವ ಚಿಕ್ಕ ಅಂತರ, ಅಂದರೆ ಡೆಡ್ ಟೈಮ್, ಬೇಕು. ಎಷ್ಟು? 4110ರ ಗೇಟ್ ತುಂಬಲು ಸುಮಾರು 150 ನ್ಯಾನೊಕೂಲಂಬ್ ಬೇಕು. 12 ವೋಲ್ಟನ್ನು 10 ಓಮ್ ಗೇಟ್ ರೆಸಿಸ್ಟರ್ ಮೂಲಕ ಕೊಟ್ಟರೆ ಹೆಚ್ಚೆಂದರೆ 1.2 ಆಂಪಿಯರ್ ಹರಿಯುತ್ತದೆ. ಅಲ್ಲಿಗೆ 125 ನ್ಯಾನೊಸೆಕೆಂಡ್, ನಿಜದಲ್ಲಿ ಅದರ ಎರಡರಷ್ಟು. ನಾನು ಒಂದು ಮೈಕ್ರೊಸೆಕೆಂಡಿನಿಂದ ಶುರುಮಾಡಿ, ಸ್ಕೋಪಿನಲ್ಲಿ ನೋಡುತ್ತಾ ಇಳಿಸುತ್ತೇನೆ. ಜೋಡಿ ಮಾಸ್‌ಫೆಟ್ ಹಾಕಿದಾಗ ಪ್ರತಿಯೊಂದಕ್ಕೂ ಅದರದೇ ಗೇಟ್ ರೆಸಿಸ್ಟರ್ ಇರಲಿ. ಗೇಟಿನಿಂದ ಸೋರ್ಸಿಗೆ 10 ಕಿಲೊಓಮ್ ಕೂಡ ಇರಲಿ. ಡ್ರೈವರಿಗೆ ಇನ್ನೂ ಕರೆಂಟ್ ಬಾರದ ಹೊತ್ತಿನಲ್ಲಿ ಗೇಟ್ ಅನಾಥವಾಗಿ ತೇಲಬಾರದು.

ಬೂಟ್‌ಸ್ಟ್ರ್ಯಾಪ್ ಕೆಪಾಸಿಟರ್ ಕೆಳಗಿನ ಮಾಸ್‌ಫೆಟ್ ತೆರೆದಾಗ ಮಾತ್ರ ತುಂಬಿಕೊಳ್ಳುತ್ತದೆ, ಮೇಲಿನ ಗೇಟಿಗೆ ಬೇಕಾದ ವೋಲ್ಟೇಜ್ ಅದರಿಂದಲೇ ಬರುತ್ತದೆ. ಆದ್ದರಿಂದ ಹೊರಡುವ ಮೊದಲು ಕೆಳಗಿನ ಮೂರನ್ನೂ ಒಂದು ಕ್ಷಣ ತೆರೆದು ಮುಚ್ಚಬೇಕು. ಡ್ಯೂಟಿಯನ್ನು ನೂರಕ್ಕೆ ಏರಿಸಬಾರದು, 95ರ ಹತ್ತಿರ ನಿಲ್ಲಿಸಬೇಕು.

6. ಮೊದಲ ಕರೆಂಟ್ ಬಲ್ಬಿನ ಮೂಲಕ ಬರಲಿ.

ಹೊಸ ಬೋರ್ಡನ್ನಾಗಲಿ ರಿಪೇರಿಯಾದ ಬೋರ್ಡನ್ನಾಗಲಿ ನೇರ ಬ್ಯಾಟರಿಗೆ ಕೊಡಬೇಡಿ. ಲಾರಿಯ 24 ವೋಲ್ಟಿನ ಎರಡು ಹೆಡ್‌ಲೈಟ್ ಬಲ್ಬನ್ನು ಸೀರೀಸಿನಲ್ಲಿ ಜೋಡಿಸಿ ಬ್ಯಾಟರಿಯ ಪ್ಲಸ್ ದಾರಿಯಲ್ಲಿ ಹಾಕಿ. ಬೋರ್ಡಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಝಗ್ಗನೆ ಹೊತ್ತಿ ಕರೆಂಟನ್ನು ಮೂರು ನಾಲ್ಕು ಆಂಪಿಯರಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಎಲ್ಲ ಸರಿಯಿದ್ದರೆ ಒಂದು ಸಲ ಮಿಂಚಿ ಆರುತ್ತದೆ. ಅದು ಕೆಪಾಸಿಟರ್ ತುಂಬಿದ ಗುರುತು. ಮೋಟರ್ ಹಗುರಾಗಿ ತಿರುಗುವವರೆಗೂ ಬಲ್ಬ್ ಇರಲಿ. ಮನೆಯ ಎಂಸಿಬಿಯನ್ನು ಈ ಕೆಲಸಕ್ಕೆ ಬಳಸಬೇಡಿ. ಎಸಿಗೆ ಮಾಡಿದ್ದು ಡಿಸಿಯ ಕಿಡಿಯನ್ನು ನಂದಿಸುತ್ತದೆ ಎಂಬ ಭರವಸೆ ಇಲ್ಲ. ಡಿಸಿ ರೇಟಿಂಗಿನ ಫ್ಯೂಸ್ ಬ್ಯಾಟರಿಯ ಬುಡದಲ್ಲೇ ಇರಬೇಕು.

ಗಾಡಿಯಲ್ಲಿ ಕೂರಿಸುವಾಗ ಮುಖ್ಯ ಸ್ವಿಚ್ಚಿಗೆ ಅಡ್ಡಲಾಗಿ 100 ಓಮ್, 10 ವ್ಯಾಟಿನ ರೆಸಿಸ್ಟರನ್ನು ಒಂದು ಸಣ್ಣ ಸ್ವಿಚ್ಚಿನ ಜೊತೆ ಹಾಕಿ. 2000 ಮೈಕ್ರೊಫ್ಯಾರಡ್ ಒಂದು ಸೆಕೆಂಡಿನಲ್ಲಿ ತುಂಬುತ್ತದೆ, ಆಮೇಲೆ ಮುಖ್ಯ ಸ್ವಿಚ್ ಒತ್ತಿದರೆ ಕಿಡಿ ಹಾರುವುದಿಲ್ಲ.

7. ಸ್ಕೋಪಿನ ಗ್ರೌಂಡ್ ಕ್ಲಿಪ್ ಬ್ಯಾಟರಿಯ ಮೈನಸ್ಸಿಗೆ ಮಾತ್ರ.

ಎರಡು ಚಾನಲ್ಲಿನ ಗ್ರೌಂಡ್ ಒಳಗೆ ಒಂದೇ. ಒಂದನ್ನು ಮೈನಸ್ಸಿಗೆ, ಇನ್ನೊಂದನ್ನು ಫೇಸಿಗೆ ಸಿಕ್ಕಿಸಿದರೆ ಸ್ಕೋಪಿನ ಮೂಲಕವೇ ಶಾರ್ಟ್. ಮೇಲಿನ ಗೇಟನ್ನು ನೋಡಬೇಕಿದ್ದರೆ ಒಂದು ಚಾನಲನ್ನು ಗೇಟಿಗೆ, ಇನ್ನೊಂದನ್ನು ಫೇಸಿಗೆ ಹಿಡಿದು ಸ್ಕೋಪಿನಲ್ಲೇ ಕಳೆಯಿರಿ.

8. ಸ್ಟ್ಯಾಂಡಿನ ಮೇಲೆ ನಯವಾಗಿ ಓಡಿ ರಸ್ತೆಯಲ್ಲಿ ಜರ್ಕ್ ಹೊಡೆದರೆ ಹಾಲ್ ವೈರ್ ನೋಡಿ.

ಮೂರು ಹಾಲ್ ಸೆನ್ಸರಿನಿಂದ ಬರಬಹುದಾದ ಎಂಟು ಸ್ಥಿತಿಯಲ್ಲಿ ಆರು ಮಾತ್ರ ಸರಿಯಾದವು. ಮೂರೂ ಸೊನ್ನೆ ಅಥವಾ ಮೂರೂ ಒಂದು ಬಂದರೆ ಸೆನ್ಸರ್ ಸತ್ತಿದೆ, ಇಲ್ಲವೇ ವೈರ್ ಕಡಿದಿದೆ. ಬೋರ್ಡಿನಲ್ಲಿ ಮೂರು ಎಲ್‌ಇಡಿಯನ್ನು ಹಾಲ್ ಲೈನಿಗೆ ಹಾಕಿಬಿಡಿ. ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿದಾಗ ಪ್ರತಿ ಸಲವೂ ಒಂದೇ ಒಂದು ಎಲ್‌ಇಡಿ ಬದಲಾಗಬೇಕು. ಈ ಎಲ್‌ಇಡಿಗಳು ಉಳಿಸುವ ಸಮಯ ದೊಡ್ಡದು.

ಹೊಸ ಮೋಟರಿಗೆ ವೈರಿನ ಕ್ರಮ ಗೊತ್ತಿಲ್ಲದಿದ್ದರೆ ಮೂರು ಫೇಸ್, ಮೂರು ಹಾಲ್ ಸೇರಿ 36 ಜೋಡಣೆ. ಎಲ್ಲವನ್ನೂ ತಡಕಬೇಕಿಲ್ಲ. ಹಾಲ್ ಮೂರನ್ನು ಒಂದು ಕ್ರಮದಲ್ಲಿ ಬಿಟ್ಟು ಫೇಸಿನ ಆರು ಕ್ರಮ ನೋಡಿ. ಒಂದರಲ್ಲಿ ಮೋಟರ್ ಸದ್ದಿಲ್ಲದೆ, ಕಡಿಮೆ ಕರೆಂಟಿನಲ್ಲಿ ತಿರುಗುತ್ತದೆ. ಅದು ಹಿಂದಕ್ಕೆ ತಿರುಗಿದರೆ ಎರಡು ಹಾಲ್ ವೈರ್ ಅದಲುಬದಲು ಮಾಡಿ ಮತ್ತೆ ಆರು ನೋಡಿ. ತಿರುಗುತ್ತದೆ ಆದರೆ ಗೊರಗೊರ ಎನ್ನುತ್ತದೆ ಎಂದರೆ ಆ ಕ್ರಮ ತಪ್ಪು, ಅದರಲ್ಲಿ ಎಕ್ಸಿಲೇಟರ್ ಏರಿಸಬೇಡಿ.

ಸ್ಟ್ಯಾಂಡಿನಲ್ಲಿ ಚೆನ್ನಾಗಿದ್ದು ಲೋಡ್ ಬಿದ್ದಾಗ ಮಾತ್ರ ಜರ್ಕ್ ಹೊಡೆದರೆ, ಹಾಲ್ ವೈರನ್ನೂ ಫೇಸ್ ವೈರನ್ನೂ ಒಂದೇ ಕಟ್ಟಿನಲ್ಲಿ ಬಿಗಿದಿರುತ್ತಾರೆ. ಫೇಸಿನ ಎಲೆಕ್ಟ್ರಿಕಲ್ ನಾಯ್ಸ್ ಹಾಲಿಗೆ ಹಾರುತ್ತದೆ. ಎರಡನ್ನೂ ದೂರ ಮಾಡಿ. ಬೋರ್ಡಿನ ಬಾಗಿಲಲ್ಲಿ ಪ್ರತಿ ಹಾಲ್ ಲೈನಿಗೆ 1 ಕಿಲೊಓಮ್ ರೆಸಿಸ್ಟರ್, 10 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿ. ಪಕ್ಕದ ಸ್ಥಿತಿಗೆ ಹೋಗದೆ ಎಗರುವ ಸ್ಥಿತಿಯನ್ನು ಪ್ರೋಗ್ರಾಮಿನಲ್ಲಿ ತಳ್ಳಿಹಾಕಿ.

ಇನ್ನೊಂದು ಜಾಗ ಆಕ್ಸಲ್. ಹಬ್ ಮೋಟರಿನ ವೈರೆಲ್ಲ ಆಕ್ಸಲ್ಲಿನ ಟೊಳ್ಳಿನಿಂದ ಹೊರಬರುತ್ತದೆ. ನಟ್ ಸಡಿಲವಾಗಿ ಆಕ್ಸಲ್ ಚೂರು ತಿರುಗಿದರೂ ವೈರ್ ಹಿಸುಕಿ, ಫೇಸಿನ 48 ವೋಲ್ಟ್ ಹಾಲಿನ 5 ವೋಲ್ಟಿಗೆ ತಾಗಿ ಮೈಕ್ರೊಕಂಟ್ರೋಲರ್ ಸಮೇತ ಹೋಗುತ್ತದೆ. ಆಕ್ಸಲ್ ಹಿಡಿಯುವ ಟಾರ್ಕ್ ಆರ್ಮ್ ಇಲ್ಲದೆ ಗಾಡಿಯನ್ನು ಹೊರಗೆ ಕಳಿಸಬೇಡಿ.

9. ತಳ್ಳಿದರೆ ಚಕ್ರ ಬಿಗಿ ಎನಿಸುವ ಗಾಡಿ ಬಂದರೆ ಬ್ಯಾಟರಿ ಬಿಚ್ಚಿ.

ಮಾಸ್‌ಫೆಟ್ ಕೆಡುವಾಗ ಬಹುತೇಕ ಶಾರ್ಟ್ ಆಗಿಯೇ ಕೆಡುತ್ತದೆ. ಆಗ ಸುರುಳಿಗಳು ಒಂದಕ್ಕೊಂದು ಸೇರಿ ಮೋಟರ್ ತನಗೆ ತಾನೇ ಬ್ರೇಕ್ ಹಿಡಿಯುತ್ತದೆ. ಮೂರು ಫೇಸ್ ವೈರ್ ಬಿಚ್ಚಿದ ಕೂಡಲೇ ಚಕ್ರ ಹಗುರಾದರೆ ತೊಂದರೆ ಬೋರ್ಡಿನಲ್ಲಿದೆ. ಬಿಚ್ಚಿದ ಮೇಲೂ ಬಿಗಿಯಾಗಿದ್ದರೆ ಮೋಟರಿನಲ್ಲಿ. ಕೆಪಾಸಿಟರ್ ಖಾಲಿ ಮಾಡಿ ಮೀಟರನ್ನು ಡಯೋಡಿಗೆ ಇಡಿ. ಕೆಂಪು ಮೊನೆ ಫೇಸಿಗೆ, ಕಪ್ಪು ಬ್ಯಾಟರಿ ಪ್ಲಸ್ಸಿಗೆ. ಆಮೇಲೆ ಕೆಂಪು ಬ್ಯಾಟರಿ ಮೈನಸ್ಸಿಗೆ, ಕಪ್ಪು ಫೇಸಿಗೆ. 0.4, 0.5 ವೋಲ್ಟಿನ ಆಸುಪಾಸು, ಮೂರೂ ಫೇಸಿನಲ್ಲಿ ಒಂದೇ ಥರ ಬರಬೇಕು. ಸೊನ್ನೆ ಬಂದ ಕಡೆ ಮಾಸ್‌ಫೆಟ್ ಹೋಗಿದೆ. ಬದಲಾಯಿಸುವಾಗ ಆ ಫೇಸಿನ ಗೇಟ್ ಡ್ರೈವರನ್ನೂ ಗೇಟ್ ರೆಸಿಸ್ಟರನ್ನೂ ಸೇರಿಸಿ ಬದಲಾಯಿಸಿ. ಗೇಟಿನ ಮೂಲಕ 48 ವೋಲ್ಟ್ ತಿಂದ ಡ್ರೈವರ್ ಮೇಲ್ನೋಟಕ್ಕೆ ಬದುಕಿದ್ದರೂ ಹೊಸ ಮಾಸ್‌ಫೆಟ್ಟನ್ನು ಬೇಗನೆ ಕೊಲ್ಲುತ್ತದೆ.

ಬ್ರಶ್ ಇರುವ ಡಿಸಿ ಮೋಟರ್ ಓಡಿಸುವವರಿಗೆ ಇದೇ ತೊಂದರೆ ಇನ್ನೊಂದು ರೂಪದಲ್ಲಿ, ಬಹಳ ಭಯಾನಕವಾಗಿ ಬರುತ್ತದೆ. ಅಲ್ಲಿ ಮಾಸ್‌ಫೆಟ್ ಶಾರ್ಟ್ ಆದರೆ ಬ್ಯಾಟರಿ ನೇರ ಮೋಟರಿಗೆ ಸೇರಿ ಗಾಡಿ ಪೂರ್ತಿ ವೇಗಕ್ಕೆ ನುಗ್ಗುತ್ತದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರಿನ ಮೊದಮೊದಲ ಮಾದರಿಯಲ್ಲಿ 48 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ, ಬ್ರಶ್ ಇರುವ ಡಿಸಿ ಮೋಟರ್ ಇದ್ದವು; ಅಂಥದ್ದೊಂದನ್ನು ಹವ್ಯಾಸಕ್ಕೆ ಮರುಜೋಡಿಸುವವರು ಕೈಗೆ ಸಿಗುವ ಕಾಂಟ್ಯಾಕ್ಟರ್ ಸ್ವಿಚ್ ಇಲ್ಲದೆ ಚಕ್ರ ನೆಲಕ್ಕೆ ತಾಗಿಸಬಾರದು.

10. ಬಿಸಿ ಮತ್ತು ನೀರು.

ಟಿಒ-220 ಮಾಸ್‌ಫೆಟ್ಟಿನ ಬೆನ್ನಿನ ಲೋಹ ಡ್ರೇನಿಗೆ ಸೇರಿದ್ದು. ಹೀಟ್ ಸಿಂಕಿಗೆ ಕೂರಿಸುವಾಗ ಮೈಕಾ ಅಥವಾ ಸಿಲಿಕೋನ್ ಪ್ಯಾಡ್, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಬೇಕು. ಕೊರೆದ ತೂತಿನ ಅಂಚಿನ ಮುಳ್ಳನ್ನು ಕೆರೆದು ತೆಗೆಯಿರಿ, ಅದು ಪ್ಯಾಡನ್ನು ಚುಚ್ಚುತ್ತದೆ. ಬಿಗಿದ ಮೇಲೆ ಪ್ರತಿಯೊಂದನ್ನೂ ಮೀಟರಿನಲ್ಲಿ ನೋಡಿ. ಡಬ್ಬಿಯಿಂದ ವೈರ್ ಕೆಳಮುಖವಾಗಿ ಹೊರಬರಲಿ, ಮಳೆನೀರು ವೈರ್ ಹಿಡಿದು ಒಳಗೆ ಇಳಿಯಬಾರದು.

11. ಮೋಟರ್ ಬ್ಯಾಟರಿಗೆ ವಾಪಸ್ ಕೊಡುವ ಕರೆಂಟಿಗೆ ಜಾಗ ಇದೆಯೇ ನೋಡಿ.

ರೀಜನ್ ಬ್ರೇಕ್ ಹಾಕಿದರೆ ಮೋಟರ್ ಡೈನಮೊ ಆಗುತ್ತದೆ. ಬ್ಯಾಟರಿ ಆಗತಾನೆ ಪೂರ್ತಿ ಚಾರ್ಜ್ ಆಗಿದ್ದು, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಬಿಎಂಎಸ್ ಇನ್ನು ಸಾಕು ಎಂದು ದಾರಿ ಮುಚ್ಚಿದರೆ ಆ ಕರೆಂಟಿಗೆ ಕೆಪಾಸಿಟರ್ ಬಿಟ್ಟರೆ ಹೋಗಲು ಜಾಗವಿಲ್ಲ. ವೋಲ್ಟೇಜ್ ಕಣ್ಣು ಮಿಟುಕಿಸುವುದರೊಳಗೆ 100 ದಾಟುತ್ತದೆ, ಮಾಸ್‌ಫೆಟ್ಟೂ 12 ವೋಲ್ಟಿನ ಸಪ್ಲೈಯೂ ಒಟ್ಟಿಗೆ ಹೋಗುತ್ತವೆ. ಪ್ಯಾಕಿನ ವೋಲ್ಟೇಜ್ ಏರುತ್ತಾ ಹೋದ ಹಾಗೆ ರೀಜನ್ ತಾನಾಗಿ ಇಳಿಯುವಂತೆ ಪ್ರೋಗ್ರಾಂ ಬರೆಯಿರಿ. ಮೊದಲ ಬೋರ್ಡಿನಲ್ಲಿ ರೀಜನ್ ಇಲ್ಲದೇ ಇದ್ದರೆ ಒಳ್ಳೆಯದು.

12. ಪ್ರೋಗ್ರಾಂ ನಿಂತರೂ ಪಿಡಬ್ಲ್ಯುಎಂ ನಿಲ್ಲುವುದಿಲ್ಲ.

ಎಸ್‌ಟಿಎಂ32ರಂಥ ಚಿಪ್ಪಿನಲ್ಲಿ ಟೈಮರ್ ಸ್ವತಂತ್ರವಾಗಿ ಓಡುತ್ತದೆ. ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡರೂ ಕೊನೆಯ ಡ್ಯೂಟಿ ಹಾಗೇ ಮೋಟರಿಗೆ ಹೋಗುತ್ತಿರುತ್ತದೆ. ವಾಚ್‌ಡಾಗ್ ಹಾಕಲೇಬೇಕು. ಕರೆಂಟ್ ಮಿತಿ ಮೀರಿದಾಗ ಪ್ರೋಗ್ರಾಮನ್ನು ಕೇಳದೆ ಟೈಮರನ್ನು ಮುಚ್ಚುವ ಬ್ರೇಕ್ ಪಿನ್ ಆ ಚಿಪ್ಪಿನಲ್ಲೇ ಇದೆ, ಅದನ್ನು ಒಂದು ಕಂಪ್ಯಾರೇಟರಿಗೆ ಜೋಡಿಸಿ. ಡೀಬಗರಿನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಮೋಟರ್ ಓಡಿಸುವವರು, ಪ್ರೊಸೆಸರ್ ನಿಂತಾಗ ಟೈಮರೂ ನಿಲ್ಲುವ ಸೆಟ್ಟಿಂಗ್ ಮೊದಲು ಮಾಡಿಕೊಳ್ಳಿ. ಇವನ್ನೆಲ್ಲ ಬಲ್ಲವರು ಹೇಗೆ ಬರೆದಿದ್ದಾರೆ ಎಂದು ತಿಳಿಯಲು ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಎಲ್ಲರಿಗೂ ತೆರೆದಿಟ್ಟಿರುವ ವೆಸ್ಕ್ ಕಂಟ್ರೋಲರಿನ ಪ್ರೋಗ್ರಾಂ ಓದಿ. ಅದನ್ನು ಓದುತ್ತಾ ಕಳೆದ ಸಂಜೆ ವ್ಯರ್ಥವಾಗುವುದಿಲ್ಲ.

13. ಎಕ್ಸಿಲೇಟರಿನ ಕಪ್ಪು ವೈರ್ ಕಡಿದರೆ ಏನಾಗುತ್ತದೆ?

ಹ್ಯಾಂಡಲಿನ ಎಕ್ಸಿಲೇಟರ್ ಒಳಗೆ ಒಂದು ಹಾಲ್ ಸೆನ್ಸರ್ ಇದೆ. ಬಿಟ್ಟಾಗ ಸುಮಾರು 0.8 ವೋಲ್ಟ್, ಪೂರ್ತಿ ತಿರುಗಿಸಿದಾಗ 4ರ ಆಸುಪಾಸು ಕೊಡುತ್ತದೆ. ಹ್ಯಾಂಡಲ್ ದಿನವಿಡೀ ತಿರುಗುವ ಜಾಗವಾದ್ದರಿಂದ ವೈರ್ ಅಲ್ಲಿ ಇವತ್ತಲ್ಲ ನಾಳೆ ಕಡಿಯುತ್ತದೆ. ಸಿಗ್ನಲ್ ವೈರ್ ಕಡಿದರೆ ವೋಲ್ಟೇಜ್ ಸೊನ್ನೆಗೆ ಬರುವಂತೆ ಬೋರ್ಡಿನಲ್ಲಿ ರೆಸಿಸ್ಟರ್ ಹಾಕಿರುತ್ತೇವೆ, ಗಾಡಿ ನಿಲ್ಲುತ್ತದೆ. ಗ್ರೌಂಡಿನ ಕಪ್ಪು ವೈರ್ ಕಡಿದರೆ ಸೆನ್ಸರಿನ ಔಟ್‌ಪುಟ್ 5 ವೋಲ್ಟಿನ ಕಡೆಗೆ ಏರುತ್ತದೆ. ಹೆಚ್ಚು ವೋಲ್ಟೇಜ್ ಅಂದರೆ ಹೆಚ್ಚು ವೇಗ ಎಂದಷ್ಟೇ ಬರೆದ ಪ್ರೋಗ್ರಾಂ ಆಗ ಗಾಡಿಯನ್ನು ಪೂರ್ತಿ ವೇಗದಲ್ಲಿ ಓಡಿಸುತ್ತದೆ, ಸವಾರನ ಕೈ ಹ್ಯಾಂಡಲ್ ಬಿಟ್ಟಿದ್ದರೂ.

0.5ಕ್ಕಿಂತ ಕಡಿಮೆ, 4.5ಕ್ಕಿಂತ ಹೆಚ್ಚು ಬಂದರೆ ಅದನ್ನು ಕೆಟ್ಟ ಸಿಗ್ನಲ್ ಎಂದು ತಿಳಿದು ಮೋಟರಿಗೆ ಕರೆಂಟ್ ನಿಲ್ಲಿಸಬೇಕು. ಸ್ವಿಚ್ ಹಾಕುವಾಗಲೇ ಎಕ್ಸಿಲೇಟರ್ ತಿರುಗಿದ್ದರೆ ಗಾಡಿ ಹೊರಡಬಾರದು. ಒಮ್ಮೆ ಬಿಟ್ಟು ಮತ್ತೆ ತಿರುಗಿಸಿದ ಮೇಲಷ್ಟೇ ಹೊರಡಬೇಕು. ಬ್ರೇಕ್ ಲಿವರಿನ ಸ್ವಿಚ್ ಎಕ್ಸಿಲೇಟರಿಗಿಂತ ಮೇಲಿನ ಅಧಿಕಾರ ಹೊಂದಿರಬೇಕು. ಅದರ ವೈರ್ ಕಡಿದಾಗ ಬ್ರೇಕ್ ಹಿಡಿದಂತೆ ಲೆಕ್ಕವಾಗುವ ಹಾಗೆ ಜೋಡಿಸಿ.

ಕಾನೂನಿನ ಮಾತೂ ಇದೆ. 250 ವ್ಯಾಟಿಗಿಂತ ಕಡಿಮೆ ಶಕ್ತಿಯ, 25 ಕಿಲೋಮೀಟರ್ ವೇಗದ ಒಳಗಿನ ಎಲೆಕ್ಟ್ರಿಕ್ ದ್ವಿಚಕ್ರಕ್ಕೆ ನಮ್ಮಲ್ಲಿ ನೋಂದಣಿಯ ಕಡ್ಡಾಯವಿಲ್ಲ. ಅದಕ್ಕಿಂತ ಮೇಲಿನದನ್ನು ಮನೆಯಲ್ಲಿ ಕಟ್ಟಿ, ಒಪ್ಪಿಗೆ ಪಡೆಯದೆ ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. ಕಾಲೇಜಿನ ಮೈದಾನ, ಖಾಸಗಿ ಲೇಔಟಿನ ಖಾಲಿ ಜಾಗ ಪರೀಕ್ಷೆಗೆ ಸಾಕು.

ಅಲ್ಲಿಗೆ ಹೋಗುವ ಮೊದಲು ಸ್ಟ್ಯಾಂಡ್ ಹಾಕಿ, ಚಕ್ರ ನೆಲ ಬಿಟ್ಟು ತಿರುಗುತ್ತಿರುವಾಗ ಎಕ್ಸಿಲೇಟರಿನ ಮೂರು ವೈರ್, ಬ್ರೇಕಿನ ಎರಡು, ಹಾಲ್ ಸೆನ್ಸರಿನ ಐದು, ಒಂದೊಂದನ್ನೇ ಸ್ವಿಚ್ಚಿನ ಮೂಲಕ ಕಡಿದು ನೋಡಿ. ಫೇಸ್ ವೈರಿಗೆ ಮಾತ್ರ ಕೈ ಹಾಕಬೇಡಿ. ಒಬ್ಬರು ಪ್ರತಿ ವೈರಿನ ಹೆಸರು, ಕಡಿದಾಗ ಏನಾಯಿತು ಎಂದು ಪಟ್ಟಿ ಬರೆಯಲಿ, ಇನ್ನೊಬ್ಬರು ಬ್ಯಾಟರಿ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನಿಂತಿರಲಿ. ಯಾವ ವೈರ್ ಕಡಿದಾಗಲೂ ಚಕ್ರ ವೇಗ ಹೆಚ್ಚಿಸಿಕೊಳ್ಳಬಾರದು. ಒಂದೇ ಒಂದು ವೈರಿನಲ್ಲಿ ಹೆಚ್ಚಿಸಿಕೊಂಡರೂ ಆ ಬೋರ್ಡ್ ಮೇಜಿಗೆ ವಾಪಸ್ ಬರಬೇಕು, ಸರಿಪಡಿಸಿದ ಮೇಲೆ ಪಟ್ಟಿಯನ್ನು ಮೊದಲ ವೈರಿನಿಂದ ಮತ್ತೆ ಶುರುಮಾಡಬೇಕು.